ಸಾವಯವಕ್ಕೆ ಸಹಕಾರ: ನಷ್ಟ ಯಾರ ಪಾಲಿಗೆ?

ಸಾವಯವ ಕೃಷಿಯ ಸಭೆಗಳಲ್ಲಿ 'ಸಹಕಾರ' ಎಂಬ ಮಾತನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಇಲಾಖೆ, ವಿಶ್ವವಿದ್ಯಾಲಯ, ಬ್ಯಾಂಕು, ವ್ಯಾಪಾರಿ, ರೈತ ಎಲ್ಲರೂ ಕೈಜೋಡಿಸಬೇಕಂತೆ. ಆಗಲಿ. ಆದರೆ ರಾಸಾಯನಿಕ ಬಿಟ್ಟ ಮೊದಲ ವರ್ಷಗಳಲ್ಲಿ ಇಳುವರಿ ಕುಸಿದರೆ ಆ ನಷ್ಟದಲ್ಲಿ ಯಾರ ಪಾಲೆಷ್ಟು? ಈ ಪ್ರಶ್ನೆ ಎದ್ದೊಡನೆ ಸಭೆ ಊಟಕ್ಕೆ ಏಳುತ್ತದೆ.

ಕರ್ನಾಟಕ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ್ದು 2004ರಲ್ಲಿ. ನೀತಿಗೆ ನಮ್ಮ ತಕರಾರಿಲ್ಲ. ಹೊಲದಲ್ಲಿ ನಿಜಕ್ಕೂ ದುಡಿಯುವವನು ಸಭೆಯಲ್ಲಿ ಇಲ್ಲದಿರುವುದೇ ನಮ್ಮ ತಕರಾರು. 1974ರ ಭೂಸುಧಾರಣಾ ತಿದ್ದುಪಡಿ ಲಕ್ಷಾಂತರ ಒಕ್ಕಲುಗಳಿಗೆ ಭೂಮಿ ಕೊಟ್ಟಿತು. ಅದರ ದೊಡ್ಡತನವನ್ನು ಅಲ್ಲಗಳೆಯಲಾಗದು. ಅದು ಗೇಣಿಯನ್ನು ನಿಷೇಧಿಸಿತು. ಆದರೆ ಗೇಣಿ ಸಾಯಲಿಲ್ಲ. ವಾರ, ಕೋರು, ಲಾವಣಿ ಎಂದು ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರಿನಿಂದ ಬಾಯಿಮಾತಿನಲ್ಲಿ ಉಳಿಯಿತು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆಸಾಲ ಸಿಗುವುದು ಕಷ್ಟ. ಬೆಳೆಹಾನಿ ಪರಿಹಾರ ಜಮೀನಿನ ಒಡೆಯನ ಖಾತೆಗೆ ಹೋಗುತ್ತದೆ. ಬರುವ ಯುಗಾದಿಗೆ ಹೊಲ ಬಿಡಿಸಿಕೊಂಡಾರೆಂಬ ಭಯದಲ್ಲಿರುವವನು ಮೂರು ವರ್ಷ ಕಳೆದು ಫಲ ಕೊಡುವ ಗೊಬ್ಬರ ಹಾಕುವನೇ? ಬದುವಿನಲ್ಲಿ ಗಿಡ ನೆಡುವನೇ? ಅವನು ಯೂರಿಯಾ ಎರಚುತ್ತಾನೆ. ಅದರ ಫಲವಾದರೂ ಇದೇ ಬೆಳೆಯಲ್ಲಿ ಕೈಗೆ ಬರುತ್ತದೆ. ಅವನಿಗೆ ಅರಿವು ಮೂಡಿಸಲು ಹೊರಟವರು ಮೊದಲು ಅವನ ಲೆಕ್ಕವನ್ನು ಅರಿಯಲಿ.

ಸರಕಾರದ ಲೆಕ್ಕವನ್ನೂ ನೋಡಿ. 2022-23ರಲ್ಲಿ ಕೇಂದ್ರ ಸರಕಾರದ ರಸಗೊಬ್ಬರ ಸಹಾಯಧನ 2 ಲಕ್ಷ ಕೋಟಿ ರೂಪಾಯಿ ದಾಟಿತ್ತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನೈಸರ್ಗಿಕ ಕೃಷಿ ಮಿಷನ್ನಿಗೆ ಗೊತ್ತುಮಾಡಿದ್ದು 2,481 ಕೋಟಿ. ಹಾಗೆಂದು ಒಂದೇ ಏಟಿಗೆ ರಸಗೊಬ್ಬರ ನಿಲ್ಲಿಸಿ ಎನ್ನುತ್ತಿಲ್ಲ. ರೈತರನ್ನು ಕೇಳದೆ 2021ರಲ್ಲಿ ನಿಷೇಧ ಹೇರಿದ ಶ್ರೀಲಂಕಾ ಅದೇ ವರ್ಷದ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಗನಿ ಖಾನ್ ನೂರಾರು ಭತ್ತದ ತಳಿಗಳನ್ನು ಉಳಿಸಿರುವುದು ನಮಗೆಲ್ಲ ಹೆಮ್ಮೆ. ಆದರೆ ಸ್ವಂತ ನೆಲದಲ್ಲಿ ಆಗುವುದನ್ನು ವರ್ಷದ ಗುತ್ತಿಗೆಯವನಿಂದ ಬಯಸಲಾಗದು.

ಇಲ್ಲಿ ಮುಸ್ಲಿಮ್ ಓದುಗರಿಗೆ ಒಂದು ಮಾತು. ಜಮೀನನ್ನು ಗುತ್ತಿಗೆಗೆ ಕೊಟ್ಟು ಪೇಟೆ ಸೇರಿದವರು ನಮ್ಮಲ್ಲೂ ಇದ್ದಾರೆ. ಪ್ರವಾದಿಯವರು ಖೈಬರಿನ ಜಮೀನನ್ನು ಅಲ್ಲಿನ ಯಹೂದಿಯರಿಗೆ ಫಸಲಿನ ಅರ್ಧ ಪಾಲಿಗೆ ಬಿಟ್ಟುಕೊಟ್ಟಿದ್ದರು. ಮುಝಾರಅತ್ ಎಂಬ ಪಾಲು ಬೇಸಾಯದಲ್ಲಿ ಒಬ್ಬನಿಗೆ ಇಷ್ಟು ಚೀಲವೆಂದು ಮೊದಲೇ ಕಟ್ಟಿಡುವಂತಿಲ್ಲ. ಫಸಲು ಕೈಕೊಟ್ಟರೆ ಇಬ್ಬರಿಗೂ ನಷ್ಟ. ಮಳೆ ಬರಲಿ ಬಿಡಲಿ ಗುತ್ತಿಗೆ ಹಣ ಎಣಿಸಿಕೊಳ್ಳುವವರು ಇದನ್ನು ಯೋಚಿಸಬೇಕು.

ಆಂಧ್ರಪ್ರದೇಶ 2011ರಲ್ಲೇ ಕಾಯ್ದೆ ಮಾಡಿ, ಒಡೆಯರ ಹಕ್ಕಿಗೆ ಕೈ ಹಚ್ಚದೆ, ಗೇಣಿದಾರರಿಗೆ ಸಾಲಕ್ಕೆ ಅರ್ಹತೆಯ ಚೀಟಿ ಕೊಡಲು ದಾರಿ ಮಾಡಿತು. ನಮ್ಮ ಸರಕಾರವೂ ಉಳುವವನ ಹೆಸರನ್ನು ದಾಖಲೆಗೆ ತರಲಿ. ಪರಿವರ್ತನೆಯ ವರ್ಷಗಳ ಪರಿಹಾರವನ್ನು ಅವನ ಕೈಗೇ ಕೊಡಲಿ. ಸಹಕಾರದ ಮುಂದಿನ ಸಭೆಗೆ ಅವನನ್ನೂ ಕರೆಯಲಿ.