ಎಲ್ಲದಕ್ಕೂ ಒಂದೇ ‘ಟ್ರಿಪ್’!

ಹಂಪಿಗೂ ಟ್ರಿಪ್, ಶ್ರೀಶೈಲದ ಪಾದಯಾತ್ರೆಯೂ ಟ್ರಿಪ್, ಅಜ್ಜಿಯ ಊರಿಗೆ ಹೋದರೂ ಟ್ರಿಪ್! ಇಂಗ್ಲಿಷರೇ ಹೀಗೆ ಆಡುವುದಿಲ್ಲ. ಟ್ರಿಪ್ ಅವರಿಗೆ ಸಾಮಾನ್ಯವಾಗಿ ಹೋಗಿಬರುವ ಚಿಕ್ಕ ಸುತ್ತು. ದೂರದ ದಾರಿಗೆ ಜರ್ನಿ, ಕಡಲಿಗೆ ವಾಯೇಜ್, ಪುಣ್ಯಕ್ಷೇತ್ರಕ್ಕೆ ಪಿಲ್ಗ್ರಿಮೇಜ್. ಎಡವುವುದೂ ಟ್ರಿಪ್ಪೇ, ಮಾದಕವಸ್ತುವಿನ ಅಮಲೂ ಟ್ರಿಪ್ಪೇ. (ನಮ್ಮ ಲೈನ್‌ಮನ್ ‘ಟ್ರಿಪ್ ಆಗಿದೆ’ ಎಂದರೆ ಮನೆಯೆಲ್ಲ ಕತ್ತಲು!) ಅವರು ತಮ್ಮ ಮಾತುಗಳನ್ನೆಲ್ಲ ಉಳಿಸಿಕೊಂಡರು. ನಾವೋ, ಪ್ರವಾಸ, ಯಾತ್ರೆ, ಪಯಣ, ಸುತ್ತಾಟ, ತಿರುಗಾಟ ಎಲ್ಲವನ್ನೂ ಒಂದೇ ಎರವಲು ಪದದ ಬಾಯಿಗೆ ಹಾಕಿದೆವು. ‘ಅಮೆರಿಕದಲ್ಲಿ ಗೊರೂರು’ ಪ್ರವಾಸ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನೂ ‘ಟ್ರಿಪ್ ಕಥೆ’ ಎನ್ನೋಣವೇ? ಮುಂದಿನ ಸಲ ಗೆಳೆಯರ ಗುಂಪು ಜೋಗಕ್ಕೆ ಹೊರಟಾಗ ಬಾಯ್ತುಂಬ ‘ಪ್ರವಾಸ’ ಎನ್ನಿ. ಯಾರು ನಗುತ್ತಾರೋ ನೋಡೇಬಿಡೋಣ!