ಸ್ಯಾಕ್ಸೋಫೋನ್‌ಗೆ ಗಿಟಾರ್ ಪ್ರೊಸೆಸರ್ ಬೇಡ, ಮೊದಲು ಮೈಕ್ ಕೊಡಿ

ನಮ್ಮ ಮ್ಯೂಸಿಕ್ ಕ್ಲಬ್‌ಗೆ ಈ ವರ್ಷ ಹೊಸ ಸಾಮಾನು ತಗೊಳ್ಳೋಕೆ ಸ್ವಲ್ಪ ದುಡ್ಡು ಬಂದಿದೆ. ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ನುಡಿಸೋ ಜೂನಿಯರ್ ಒಬ್ಬ ಸೇರಿದ್ದಾನೆ. ಮಂಗಳೂರು ಕಡೆಯವನು, ಆಲ್ಟೋ ಸ್ಯಾಕ್ಸ್, ಗಮಕ ಸಮೇತ ನುಡಿಸ್ತಾನೆ. ಅವನ ಶಬ್ದಕ್ಕೂ ಡಿಲೇ, ರಿವರ್ಬ್, ಆಕ್ಟೇವ್ ಎಲ್ಲಾ ಹಾಕಬೇಕು ಅನ್ನೋದು ಎಲ್ಲರ ಆಸೆ. ಗ್ರೂಪಲ್ಲಿ ಓಡ್ತಿರೋ ಸಲಹೆ ಏನಂದ್ರೆ, ಒಂದು ಒಳ್ಳೆ ಗಿಟಾರ್ ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್ ತಗೊಂಡುಬಿಡೋಣ, ಗಿಟಾರ್‌ಗೂ ಆಯ್ತು, ಸ್ಯಾಕ್ಸ್‌ಗೂ ಆಯ್ತು. ಕೇಳೋಕೆ ಚೆನ್ನಾಗಿದೆ. ಆದರೆ ಈ ಲೆಕ್ಕ ಸರಿ ಇಲ್ಲ ಅಂತ ನನ್ನ ವಾದ. ಸ್ಟೇಜಲ್ಲಿ ಕೇಬಲ್ ಸುತ್ತೋ ಕೆಲಸ ನಂದು, ಹಾಗಾಗಿ ಮಾತಾಡೋ ಹಕ್ಕು ಸ್ವಲ್ಪ ಇದೆ ಅಂದ್ಕೊಂಡಿದೀನಿ. ನಾನು ಇಂಗ್ಲಿಷ್ ಮೀಡಿಯಂನವನು, ಟೆಕ್ನಿಕಲ್ ಪದಗಳು ಹಾಗೇ ಬರುತ್ತವೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಮೊದಲು ಒಂದು ಆಕ್ಷೇಪ ಮುಗಿಸಿಬಿಡೋಣ. "ಸ್ಯಾಕ್ಸ್‌ಗೆ ಎಫೆಕ್ಟ್ ಯಾಕೆ? ಕದ್ರಿ ಗೋಪಾಲನಾಥ್ ಇಟ್ಕೊಂಡಿದ್ರಾ?" ಅಂತ ಕೇಳೋರಿದ್ದಾರೆ. ಒಳ್ಳೆ ಪ್ರಶ್ನೆನೇ. ಕದ್ರಿಯವರು ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ನೋಡಿ ಮನಸೋತು, ಆ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೂ ಹೋದವರು. ಅದೇ ವಾದ್ಯಕ್ಕೆ ಅಮೆರಿಕದಲ್ಲಿ ಇನ್ನೊಂದು ದಾರಿಯೂ ಇತ್ತು. 1960ರ ದಶಕದಲ್ಲೇ ಸೆಲ್ಮರ್ ಕಂಪನಿ ವ್ಯಾರಿಟೋನ್ ಅನ್ನೋ ಸಾಧನ ತಂದಿತ್ತು. ಸ್ಯಾಕ್ಸ್‌ಗೇ ಪಿಕಪ್ ಕೂರಿಸಿ, ಆಕ್ಟೇವ್, ಎಕೋ, ಟ್ರೆಮೊಲೋ ಕೊಡೋದು. ಎಡ್ಡಿ ಹ್ಯಾರಿಸ್ ಅದನ್ನಿಟ್ಕೊಂಡು ಹಿಟ್ ಕೊಟ್ರು. ಅಂದ್ರೆ ಎಫೆಕ್ಟ್ ಹಾಕೋದು ಪಾಪವೂ ಅಲ್ಲ, ಹಾಕಲೇಬೇಕು ಅಂತಲೂ ಇಲ್ಲ. ಆದರೆ ಒಂದು ಗಮನಿಸಿ: ವ್ಯಾರಿಟೋನ್ ಮಾಡಿದವರು ಶುರು ಮಾಡಿದ್ದೇ ಪಿಕಪ್‌ನಿಂದ. ಶಬ್ದ ಹಿಡಿಯೋದು ಮೊದಲು, ಬಣ್ಣ ಬಳಿಯೋದು ಆಮೇಲೆ.

ಗಿಟಾರ್ ಪೆಡಲ್ ಏನನ್ನು ನಿರೀಕ್ಷಿಸುತ್ತೆ? ಗಿಟಾರ್ ಪಿಕಪ್‌ನಿಂದ ಬರೋ ನೂರಾರು ಮಿಲಿವೋಲ್ಟ್ ಸಿಗ್ನಲ್. ಡೈನಾಮಿಕ್ ಮೈಕ್ ಕೊಡೋದು ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್. ಮೇಲಾಗಿ ಮೈಕ್‌ದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಬ್ಯಾಲೆನ್ಸ್ಡ್ ಲೈನ್. ಪೆಡಲ್‌ದು ಗಿಟಾರ್ ಜ್ಯಾಕ್. ಒಂದು ಕನ್ವರ್ಟರ್ ಸಿಕ್ಕಿಸಿದ್ರೆ ಪಿನ್ ಹೊಂದುತ್ತೆ, ಲೆವೆಲ್ ಹೊಂದಲ್ಲ. ಆಗ ಪೆಡಲ್‌ನ ಗೇನ್ ತುದಿವರೆಗೂ ತಿರುಗಿಸ್ತೀವಿ, ಸ್ಯಾಕ್ಸ್ ಜೊತೆ ಸುಯ್ ಅನ್ನೋ ನಾಯ್ಸ್ ಕೂಡ ಮೇಲೆದ್ದು ಬರುತ್ತೆ. ಕಂಡೆನ್ಸರ್ ಮೈಕ್ ಆದ್ರಂತೂ ಬಹುತೇಕ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಗಿಟಾರ್ ಪೆಡಲ್ ಅದನ್ನು ಕೊಡಲ್ಲ.

ಎರಡನೇ ತೊಂದರೆ ಫೀಡ್‌ಬ್ಯಾಕ್. ಲೂಪ್ ಗೇನ್ 1 ದಾಟಿದ್ರೆ ಸಿಸ್ಟಮ್ ಆಸಿಲೇಟ್ ಆಗುತ್ತೆ ಅಂತ ಓದ್ತೀವಲ್ಲ, ಸ್ಟೇಜ್ ಮೇಲೆ ಅದಕ್ಕೆ ಕೂಂ ಅಂತ ಹೆಸರು. ಗಿಟಾರ್ ಪ್ರೊಸೆಸರ್‌ನ ಪ್ರೀಸೆಟ್‌ಗಳಲ್ಲಿ ಬಹಳಷ್ಟು ಡಿಸ್ಟಾರ್ಷನ್, ಕಂಪ್ರೆಷನ್ ಸೇರಿಸಿರೋದು. ಅವೆರಡೂ ಸಣ್ಣ ಶಬ್ದವನ್ನು ದೊಡ್ಡದು ಮಾಡುತ್ತವೆ. ಗಿಟಾರ್ ಪಿಕಪ್‌ಗೆ ಪಕ್ಕದ ಡ್ರಮ್ಸ್ ಅಷ್ಟಾಗಿ ಕೇಳಲ್ಲ. ಮೈಕ್‌ಗೆ ಡ್ರಮ್ಸು, ಮಾನಿಟರು, ಜನರ ಕೂಗು ಎಲ್ಲಾ ಕೇಳುತ್ತೆ. ನಮ್ಮ ಸ್ಯಾಕ್ಸ್ ಹುಡುಗ ಉಸಿರು ತಗೊಳ್ಳೋಕೆ ನಿಲ್ಲಿಸಿದ ಕ್ಷಣದಲ್ಲಿ ಅವನ ಪೆಡಲ್‌ನಿಂದ ಡಿಸ್ಟಾರ್ಷನ್ ಹಚ್ಚಿದ ಡ್ರಮ್ಸ್ ಬರುತ್ತೆ. ಬೈಸ್ಕೊಳ್ಳೋನು ಮಾತ್ರ ಅವನೇ.

ಹಾಗಾದ್ರೆ ಏನು ತಗೋಬೇಕು? ನನ್ನ ಪ್ರಕಾರ ಸ್ಯಾಕ್ಸ್‌ಗೆ ಅಂತ ಇಟ್ಟ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ಮೈಕ್‌ಗೆ ಹೋಗಬೇಕು. ಸ್ಯಾಕ್ಸ್ ಶಬ್ದ ಬರೋದು ಬರೀ ಅರಳಿದ ಬಾಯಿಂದ ಅಲ್ಲ, ತೆರೆದಿರೋ ತೂತುಗಳಿಂದಲೂ ಬರುತ್ತೆ. ಸ್ಟ್ಯಾಂಡ್ ಮೈಕ್ ಮುಂದೆ ಅರ್ಧ ಅಡಿ ಆಚೀಚೆ ಆದ್ರೆ ವಾಲ್ಯೂಮ್ ಏರುಪೇರು. ವಾದ್ಯಕ್ಕೇ ಕಚ್ಚಿಕೊಳ್ಳೋ ಕ್ಲಿಪ್ ಮೈಕ್ ಇದ್ರೆ ದೂರ ಬದಲಾಗಲ್ಲ. ಶೂರ್ ಬೀಟಾ 98ಎಚ್/ಸಿ, ಆಡಿಯೋ ಟೆಕ್ನಿಕಾ ಪ್ರೋ 35 ಈ ಜಾತಿಯವು. ಕ್ಲಿಪ್ ಮೈಕ್‌ಗೆ ಕೀಗಳ ಟಕಟಕ ಸ್ವಲ್ಪ ಜಾಸ್ತಿ ಕೇಳುತ್ತೆ, ಅದಕ್ಕೆ ತಯಾರಿರಬೇಕು.

ಆಮೇಲೆ ಪೆಟ್ಟಿಗೆ. ಇಲ್ಲಿ ಎರಡು ದಾರಿ. ಒಂದು, ಹಾಡುಗಾರರಿಗೆ ಅಂತ ಮಾಡಿರೋ ವೋಕಲ್ ಪ್ರೊಸೆಸರ್. ಬಾಸ್ ವಿಇ-500 ಥರದ್ದು. ಇದರಲ್ಲಿ ಎಕ್ಸ್‌ಎಲ್‌ಆರ್ ಇನ್‌ಪುಟ್, ಮೈಕ್ ಪ್ರೀಆಂಪ್, ಫ್ಯಾಂಟಮ್ ಪವರ್ ಒಳಗೇ ಇರುತ್ತೆ. ಕಾಲಲ್ಲಿ ಒತ್ತಿದ್ರೆ ಆಯ್ತು. ಇನ್ನೊಂದು, ರೇಡಿಯಲ್ ವೋಕೋ ಲೋಕೋ ಥರದ ಚಿಕ್ಕ ಪೆಟ್ಟಿಗೆ. ಅದು ಮೈಕ್ ಸಿಗ್ನಲ್‌ನ ಎಬ್ಬಿಸಿ ಗಿಟಾರ್ ಪೆಡಲ್‌ಗೆ ಕಳಿಸಿ, ವಾಪಸ್ ಮಿಕ್ಸರ್‌ಗೆ ಬೇಕಾದ ಲೆವೆಲ್‌ಗೆ ತರುತ್ತೆ. ಗಿಟಾರಿಸ್ಟ್ ಹತ್ರ ಒಳ್ಳೆ ಡಿಲೇ ಪೆಡಲ್ ಈಗಾಗಲೇ ಇದ್ರೆ ಎರಡನೇ ದಾರಿ ಸರಿ. ನಮ್ಮಂಥ ಕ್ಲಬ್‌ಗೆ, ಬಸ್ಸಲ್ಲಿ ಬ್ಯಾಗ್ ತೊಡೆ ಮೇಲಿಟ್ಕೊಂಡು ಬೇರೆ ಕಾಲೇಜಿನ ಫೆಸ್ಟ್‌ಗೆ ಹೋಗೋರಿಗೆ, ಮೊದಲನೇದೇ ವಾಸಿ. ಒಂದು ಪೆಟ್ಟಿಗೆ, ಒಂದು ಅಡಾಪ್ಟರ್, ಎರಡು ಕೇಬಲ್. ಸೌಂಡ್ ಚೆಕ್‌ಗೆ ಐದು ನಿಮಿಷ ಕೊಟ್ರೆ ಅದೇ ಪುಣ್ಯ ಅನ್ನೋ ಜಾಗದಲ್ಲಿ ಎಂಟು ಪ್ಯಾಚ್ ಕೇಬಲ್ ಹುಡುಕ್ತಾ ಕೂರೋಕಾಗಲ್ಲ.

ವೋಕಲ್ ಪ್ರೊಸೆಸರ್ ತಗೊಂಡ್ರೆ ಮೊದಲ ಕೆಲಸ ಪಿಚ್ ಕರೆಕ್ಷನ್ ಆಫ್ ಮಾಡೋದು. ಆ ಯಂತ್ರಕ್ಕೆ ಎರಡು ಸ್ವರದ ಮಧ್ಯೆ ಇರೋದೆಲ್ಲಾ ಅಪಸ್ವರ. ನಮ್ಮಲ್ಲಿ ಅದಕ್ಕೇ ಗಮಕ ಅಂತಾರೆ. ಹಾರ್ಮನಿ ಎಫೆಕ್ಟ್ ಕೂಡ ಹೀಗೇ. ಮೇಜರ್, ಮೈನರ್ ಸ್ಕೇಲ್ ನಂಬಿಕೊಂಡು ಮಾಡಿರೋದು. ಶಂಕರಾಭರಣದಲ್ಲಿ ನೇರವಾಗಿ ಸ್ವರ ಹಿಡಿದ್ರೆ ಹೇಗೋ ಸಾಗುತ್ತೆ. ತೋಡಿ ಹಿಡಿದು ಜಾರಿಸಿದ್ರೆ ಹಿಂದಿನ ದನಿ ಮೆಟ್ಟಿಲು ಎಡವಿದ ಹಾಗೆ ಹಾರಿ ಹಾರಿ ಬರುತ್ತೆ. ನಿಜವಾಗಿ ಉಪಯೋಗಕ್ಕೆ ಬರೋದು ರಿವರ್ಬ್, ಡಿಲೇ ಮತ್ತೆ ಹಾಡಿಗೆ ಒಂದು ಸಲ ಆಕ್ಟೇವ್, ಅಷ್ಟೇ. ಡಿಲೇಗೆ ಟ್ಯಾಪ್ ಟೆಂಪೋ ಇರಲೇಬೇಕು. 120 ಬಿಪಿಎಂ ಹಾಡಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್. ಡ್ರಮ್ಮರ್ ಜೋಶಲ್ಲಿ 130ಕ್ಕೆ ಹೋದ್ರೆ ಸುಮಾರು 460. ಹಳೇ ಸೆಟ್ಟಿಂಗ್‌ನಲ್ಲೇ ಬಿಟ್ರೆ ಎಕೋ ತಾಳ ತಪ್ಪುತ್ತೆ.

ವೈರ್‌ಲೆಸ್ ಬಗ್ಗೆ ಒಂದು ಮಾತು. ಅಗ್ಗದ ಸೆಟ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ, ಅಂದ್ರೆ ವೈಫೈ, ಬ್ಲೂಟೂತ್ ಇರೋ ಅದೇ ಸಂತೆಯಲ್ಲಿ. ರೂಮಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು, ಸಾವಿರ ಫೋನ್ ಎದುರು ಕೈಕೊಡಬಹುದು. ಸದ್ಯಕ್ಕೆ ಕೇಬಲ್ಲೇ ಇರಲಿ. ಸ್ಟೇಜ್ ತುಂಬ ಓಡಾಡೋದು ಮುಂದಿನ ವರ್ಷ ನೋಡೋಣ.

"ಗಿಟಾರ್ ಪ್ರೊಸೆಸರ್ ತಗೊಂಡ್ರೆ ಮೂರು ಜನಕ್ಕೆ ಉಪಯೋಗ, ಇದು ಒಬ್ಬನಿಗೇ" ಅಂತ ಕೆಲವರು ಹೇಳ್ತಿದ್ದಾರೆ. ವೋಕಲ್ ಪ್ರೊಸೆಸರ್ ನಮ್ಮ ಹಾಡೋರಿಗೂ ಆಗುತ್ತೆ. ಕ್ಲಿಪ್ ಮೈಕ್ ತಬಲಾ, ಟ್ರಂಪೆಟ್ ಯಾವುದಕ್ಕಾದ್ರೂ ಹೊಂದಿಸಬಹುದು. ಆ ಲೆಕ್ಕ ಬಿಟ್ಟರೂ, ಗಿಟಾರ್‌ನವರಿಗೆ ಪ್ರತಿ ವರ್ಷ ಏನಾದ್ರೂ ಬಂದಿದೆ. ಬ್ಯಾಂಡ್‌ನಲ್ಲಿ ನಮ್ಮ ಊರಿನ ಶಬ್ದ ಅಂತ ಏನಾದ್ರೂ ಇದ್ರೆ, ಅದು ಕರಾವಳಿಯ ಮದುವೆ ಮನೆ, ದೇವಸ್ಥಾನಗಳಿಂದ ಬಂದಿರೋ ಈ ಒಂದು ಸ್ಯಾಕ್ಸ್. ಅದಕ್ಕೆ ಗಿಟಾರ್‌ನ ಹಳೇ ಅಂಗಿ ತೊಡಿಸಿ ಅಳತೆ ಸರಿ ಇಲ್ಲ ಅಂತ ದೂರೋದು ನ್ಯಾಯ ಅಲ್ಲ.

ದುಡ್ಡು ಕಟ್ಟೋ ಮೊದಲು ಒಂದು ಕೆಲಸ ಮಾಡೋಣ. ಎರಡೂ ಥರದ ಪೆಟ್ಟಿಗೆಯನ್ನು ಒಂದು ಸಂಜೆಗೆ ಬಾಡಿಗೆಗೆ ತಂದು, ನಮ್ಮ ಆಡಿಟೋರಿಯಂನಲ್ಲಿ ಡ್ರಮ್ಸ್, ಮಾನಿಟರ್ ಎಲ್ಲಾ ಫುಲ್ ವಾಲ್ಯೂಮ್ ಇಟ್ಟು ನುಡಿಸಿ ನೋಡೋಣ. ಬಟನ್ ಒತ್ತೋದು ಅವನೇ ಆಗಿರಲಿ, ಆರಿಸೋದೂ ಅವನೇ ಆಗಿರಲಿ.