ಬಾಳಿಕೆ ಬಂದರೆ ಬೆಟ್ಟ ಉಳಿದೀತು

ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆಯ ಏರಿ ಹಿಡಿದು ಹೋಗುವಾಗ ಹಳೆಯ ಮೋರಿಯೊಂದರ ಕೆಳಗೆ ಬಗ್ಗಿ ನೋಡಿ. ಚಪ್ಪಡಿಯ ತಳದಲ್ಲಿ ಸಿಮೆಂಟು ಹಪ್ಪಳದಂತೆ ಎದ್ದು ಉದುರಿರುತ್ತದೆ; ಒಳಗಿನ ಕಂಬಿ ಪದರಪದರವಾಗಿ ಸುಲಿಯುತ್ತಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅದೇ ನೀರಿಗೆ ಎದೆಕೊಟ್ಟು ನಿಂತ ಕನ್ನಂಬಾಡಿ ಕಟ್ಟೆಗೆ ಈ ರೋಗವಿಲ್ಲ. 1911ರಲ್ಲಿ ಶುರುವಾದ ಅದರ ಮೈಯೆಲ್ಲ ಕಲ್ಲು ಮತ್ತು ಸುಣ್ಣ–ಇಟ್ಟಿಗೆಪುಡಿಯ ಸುರ್ಕಿ ಗಾರೆ; ತುಕ್ಕು ಹಿಡಿಯಲು ಕಂಬಿಯಿಲ್ಲ.

ಚಪ್ಪಡಿ ಕೆಟ್ಟರೆ ಮತ್ತೆ ಜಲ್ಲಿ ಬೇಕು, ಜಲ್ಲಿಗೆ ಮತ್ತೊಂದು ಬೆಟ್ಟ. ಇದೇ ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ಹೈಕೋರ್ಟ್ 2024ರ ಜನವರಿಯಲ್ಲಿ ತಡೆಯಿತು. ಅದು ಆಗಬೇಕಿದ್ದ ಕೆಲಸವೇ. ಆದರೆ ಕಟ್ಟಿದ್ದು ಬೇಗ ಕೆಡುತ್ತಿರುವವರೆಗೆ ಕಟ್ಟೆಯ ಬಳಿಯ ಬೇಬಿ ಬೆಟ್ಟದಲ್ಲಿ ನಿಂತ ಕ್ರಷರ್ ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ಸದ್ದು ಮಾಡುತ್ತದೆ. ಬೆಟ್ಟ ಉಳಿಯುವುದು ಬಾಳಿಕೆಯಿಂದ.

ಬಸಾಲ್ಟ್ ನಾರಿನ ಬಗ್ಗೆ ನನಗೆ ಆಸೆ ಹುಟ್ಟಿರುವುದು ಈ ಕಾರಣಕ್ಕೆ. ಬಸಾಲ್ಟ್ ಕಲ್ಲನ್ನು ಪುಡಿಮಾಡಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ, ಪ್ಲಾಟಿನಂ–ರೋಡಿಯಂ ತಟ್ಟೆಯ ತೂತುಗಳಿಂದ ಎಳೆದರೆ ಕೂದಲಿಗಿಂತ ತೆಳುವಾದ ಎಳೆ ಬರುತ್ತದೆ. ಎಳೆಗಳನ್ನು ರಾಳದಲ್ಲಿ ಅದ್ದಿ ಕೂಡಿಸಿದರೆ ಕಂಬಿ. ತುಕ್ಕು ಹಿಡಿಯದು, ತೂಕ ಉಕ್ಕಿನ ಕಾಲು ಭಾಗ, ಎಳೆತ ತಾಳುವುದರಲ್ಲಿ ಮಾಮೂಲಿ ಕಂಬಿಗಿಂತ ಮೇಲು. ಕೊರತೆಯೂ ಇದೆ. ಬಿಗುವು ಕಡಿಮೆಯಾದ್ದರಿಂದ ತೊಲೆ ಹೆಚ್ಚು ಜಗ್ಗುತ್ತದೆ. ಉಕ್ಕು ಮುರಿಯುವ ಮೊದಲು ಹಿಗ್ಗಿ ಎಚ್ಚರಿಸುತ್ತದೆ, ಇದು ತಟ್ಟನೆ ತುಂಡಾಗುತ್ತದೆ. ಬೆಂಕಿಗೆ ರಾಳ ಮೆತ್ತಗಾಗುತ್ತದೆ. ಕೆಲಸದ ಜಾಗದಲ್ಲಿ ಬಗ್ಗಿಸಿ ರಿಂಗು ಮಾಡುವಂತಿಲ್ಲ. ಬಹುಮಹಡಿ ಕಟ್ಟಡಕ್ಕೆ ಇದು ಬೇಡ. ಸದಾ ಒದ್ದೆಯಾಗಿರುವ ಮೋರಿಯ ಚಪ್ಪಡಿಗೆ, ನಾಲೆಯ ಲೈನಿಂಗಿಗೆ ಸರಿ.

ಹಾಗಾದರೆ ನಮ್ಮ ಬೆಟ್ಟಗಳನ್ನೇ ಕರಗಿಸೋಣ ಎಂದು ಹೊರಡುವವರಿಗೆ ಒಂದು ಮಾತು. ಪಾಂಡವಪುರದ ಬಂಡೆಗಳು ಬಹುಪಾಲು ಗ್ರಾನೈಟ್ ಜಾತಿಯವು. ಅವುಗಳಲ್ಲಿ ಸಿಲಿಕಾ ಶೇ 70ರ ಆಸುಪಾಸು, ಬಸಾಲ್ಟಿನಲ್ಲಿ ಶೇ 50ರಷ್ಟು. ಗ್ರಾನೈಟ್ ಕರಗಿದರೂ ಮಂದವಾಗಿ ಅಂಟಾಗುತ್ತದೆ, ಎಳೆಗೆ ಒದಗುವುದಿಲ್ಲ. ಬಂಡೆಗಳ ನಡುವೆ ಹಾದ ಕರಿಕಲ್ಲಿನ ಪಟ್ಟೆಗಳ ಗುಣ ಬಸಾಲ್ಟಿಗೆ ಹತ್ತಿರ, ಆದರೆ ಅವು ಕಿರಿದು. ಬಸಾಲ್ಟ್ ಹಾಸಿಕೊಂಡಿರುವುದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಯಲ್ಲಿ. ಕಾರ್ಖಾನೆ ಅಲ್ಲಿ ಬರಲಿ, ಕಂಬಿ ಇಲ್ಲಿಗೆ ಬರಲಿ.

ಈ ಕಂಬಿಯನ್ನು ಜಗತ್ತು ಬಳಸುತ್ತಿರುವುದು ಕೆಲವು ದಶಕಗಳಿಂದ ಮಾತ್ರ. ನೂರು ವರ್ಷದ ಸಾಕ್ಷ್ಯ ಯಾರ ಬಳಿಯೂ ಇಲ್ಲ. ಆದ್ದರಿಂದ ನೀರಾವರಿ ನಿಗಮದವರು ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಮುಂದಿನ ಕೆಲಸದಲ್ಲಿ ಹತ್ತು ಮೋರಿಗಳಿಗಾದರೂ ಇದನ್ನು ಹಾಕಿಸಲಿ, ಪಕ್ಕದಲ್ಲೇ ಉಕ್ಕಿನವೂ ಹತ್ತು ಇರಲಿ, ಎರಡರ ಸ್ಥಿತಿಯನ್ನೂ ವರ್ಷವರ್ಷ ರೈತರ ಮುಂದಿಡಲಿ.